ಹಾಲು ಸಾಲುತ್ತಿಲ್ವಾ? ಒದ್ದೆ ಬಟ್ಟೆ ಎಣಿಸಿ ನೋಡಿ

ಹಸುಗೂಸು ಇರುವ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು ಇದು: “ಹಾಲು ಸಾಲ್ತಿಲ್ಲ ಅನ್ಸುತ್ತೆ ಕಣೇ.” ಮಗು ಅತ್ತರೆ ಹಾಲು ಸಾಲುತ್ತಿಲ್ಲ. ಕೈ ಚೀಪಿದರೆ ಹಾಲು ಸಾಲುತ್ತಿಲ್ಲ. ತುಂಬ ಹೊತ್ತು ಮಲಗಿದರೂ ಹಾಲು ಸಾಲದೆ ಸುಸ್ತಾಗಿದೆ! ನನ್ನ ಮೊದಲ ಬಾಣಂತನದಲ್ಲಿ ಅಮ್ಮ, ದೊಡ್ಡಮ್ಮ, ಮಗು ನೋಡೋಕೆ ಬಂದ ಪಕ್ಕದ ಮನೆ ಅಜ್ಜಿ ಎಲ್ಲರೂ ಇದನ್ನೇ ಹೇಳಿ ಹೇಳಿ, ಹತ್ತನೇ ದಿನದ ಹೊತ್ತಿಗೆ ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ಎರಡನೇ ಮಗುವಿನ ಹೊತ್ತಿಗೆ ಸ್ವಲ್ಪ ಓದಿಕೊಂಡಿದ್ದೆ, ಮಕ್ಕಳ ಡಾಕ್ಟರ ತಲೆಯನ್ನೂ ಸಾಕಷ್ಟು ತಿಂದಿದ್ದೆ. ಆಗ ಗೊತ್ತಾಗಿದ್ದು ಇಷ್ಟು: ಮೊದಲ ಎರಡು ಮೂರು ತಿಂಗಳಲ್ಲಿ ನಾವು ಹೆದರುವ ಬಹಳಷ್ಟು ವಿಷಯಗಳ ಬುಡದಲ್ಲಿ ಹಾಲಿನ ಲೆಕ್ಕವೇ ಇರುತ್ತದೆ, ಆದರೆ ಆ ಲೆಕ್ಕವನ್ನು ನಾವು ತಪ್ಪು ಜಾಗದಲ್ಲಿ ಹುಡುಕುತ್ತಿರುತ್ತೇವೆ.

ಬಾಟಲಿಗಾದರೆ ಗೆರೆ ಇರುತ್ತದೆ, ಎದೆಗೆ ಇಲ್ಲ. ಎಷ್ಟು ಒಳಗೆ ಹೋಯಿತು ಅಂತ ಕಾಣುವುದಿಲ್ಲ. ಅದಕ್ಕೇ ಎಲ್ಲರೂ ಅಳುವನ್ನೇ ಅಳತೆ ಮಾಡಿಕೊಳ್ಳುತ್ತಾರೆ. ಮಗು ಅಳೋದಕ್ಕೆ ಇಪ್ಪತ್ತು ಕಾರಣ. ಆದರೆ ಒಳಗೆ ಹೋಗಿದ್ದು ಕಾಣದಿದ್ದರೂ ಹೊರಗೆ ಬಂದಿದ್ದು ಕಾಣುತ್ತದೆ ಅಲ್ವಾ? ಲೆಕ್ಕ ಅಲ್ಲಿಂದ ಶುರು ಮಾಡಬೇಕು.

ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವುದು ಗಟ್ಟಿಯಾದ, ಹಳದಿ ಬಣ್ಣದ ಸ್ವಲ್ಪವೇ ಹಾಲು. ಇದು ತಾಯಿಯ ಗಿಣ್ಣು. ಹಸು ಕರು ಹಾಕಿದರೆ ಗಿಣ್ಣಿಗೆ ಅಕ್ಕಪಕ್ಕದವರೆಲ್ಲ ಪಾತ್ರೆ ಕಳಿಸುತ್ತಾರೆ, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ತಿನ್ನುತ್ತಾರೆ. ಹೆಂಗಸಿನ ಗಿಣ್ಣನ್ನು ಮಾತ್ರ ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿಸಿ, ಅಲ್ಲಿವರೆಗೆ ಮಗುವಿಗೆ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುತ್ತಿದ್ದ ಮನೆಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಸೋಂಕಿನಿಂದ ಕಾಪಾಡುವ ಅಂಶಗಳು ಇರುವುದೇ ಆ ಹಾಲಿನಲ್ಲಿ. ಮಗು ಮೊದಲ ದಿನ ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಎಂ.ಎಲ್. ಅಷ್ಟೇ, ಅಂದರೆ ಹೆಚ್ಚೆಂದರೆ ಎರಡು ಟೀ ಚಮಚ. ಎರಡನೇ ದಿನ 5ರಿಂದ 15. ನಾಲ್ಕನೇ ದಿನಕ್ಕೆ 30ರಿಂದ 60. ವಾರ್ಡಿನಲ್ಲಿ “ಹಾಲೇ ಬಂದಿಲ್ಲ” ಅಂತ ಗೋಳಾಡುವ ಹೊತ್ತಿಗೆ ಮಗುವಿಗೆ ಬೇಕಾದಷ್ಟು ಹಾಲು ಬಂದೇ ಇರುತ್ತದೆ. ನಾವು ಲೋಟದ ಲೆಕ್ಕದಲ್ಲಿ ನೋಡುತ್ತಿರುತ್ತೇವೆ, ಅದಕ್ಕೆ ಬೇಕಾಗಿರುವುದು ಚಮಚದ ಲೆಕ್ಕದಲ್ಲಿ.

ಆಮೇಲೆ ಎರಡರಿಂದ ಐದನೇ ದಿನದೊಳಗೆ ಹಾಲು ಇಳಿಯುತ್ತದೆ. ಎದೆ ಭಾರವಾಗಿ ಬಿಗಿಯುತ್ತದೆ. ಸಿಸೇರಿಯನ್ ಆಗಿದ್ದರೆ ಸ್ವಲ್ಪ ತಡ ಆಗಬಹುದು. ಇದಕ್ಕೆ ಕಾರಣ ಮಾಸು. ಮಾಸು ಒಳಗಿರುವವರೆಗೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಹಾಲನ್ನು ತಡೆದಿಟ್ಟಿರುತ್ತದೆ. ಮಾಸು ಬಿದ್ದ ಮೇಲೆ ಅದು ಇಳಿಯುತ್ತದೆ, ಹಾಲು ಮಾಡುವ ಪ್ರೊಲ್ಯಾಕ್ಟಿನ್‌ಗೆ ದಾರಿ ಬಿಡುತ್ತದೆ. ಇಲ್ಲಿವರೆಗೆ ದೇಹ ತಾನಾಗಿಯೇ ಮಾಡಿಕೊಳ್ಳುವ ಕೆಲಸ. ಇಲ್ಲಿಂದ ಮುಂದೆ ಎಷ್ಟು ಹಾಲು ಅಂತ ತೀರ್ಮಾನ ಮಾಡುವುದು ಮಗುವಿನ ಬಾಯಿ.

ಎದೆಹಾಲು ತೊಟ್ಟಿಯಲ್ಲಿ ತುಂಬಿಟ್ಟ ನೀರಲ್ಲ, ಬಾವಿ ಒರತೆ. ಸೇದಿದಷ್ಟೂ ಊರುತ್ತದೆ, ಸೇದದೆ ಬಿಟ್ಟರೆ ನಿಲ್ಲುತ್ತದೆ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಏರುತ್ತದೆ, ಮುಂದಿನ ಹೊತ್ತಿನ ಹಾಲು ತಯಾರಾಗುತ್ತದೆ. ಎದೆಯಲ್ಲಿ ಹಾಲು ಖಾಲಿಯಾಗದೆ ಉಳಿದರೆ, ಆ ಉಳಿದ ಹಾಲೇ “ಸಾಕು, ನಿಧಾನ ಮಾಡು” ಅಂತ ಹೇಳುತ್ತದೆ. ಇನ್ನೊಂದು ಹಾರ್ಮೋನು ಆಕ್ಸಿಟೋಸಿನ್, ತಯಾರಾದ ಹಾಲನ್ನು ಹೊರಗೆ ತಳ್ಳುವುದು ಅದರ ಕೆಲಸ. ಹಸು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರು ಬಿಟ್ಟರೆ ಹಸು ತೊರೆ ಬಿಡುತ್ತದೆ, ಗುರುತಿಲ್ಲದವರು ಬಂದು ಕೂತರೆ ಹಾಲು ಏರಿಸಿಕೊಂಡುಬಿಡುತ್ತದೆ. ಬಾಣಂತಿಗೂ ಅಷ್ಟೇ. ನೋವು, ಹೆದರಿಕೆ, ನಾಚಿಕೆ ಇದ್ದಾಗ ಹಾಲು ಇದ್ದರೂ ಇಳಿಯುವುದಿಲ್ಲ. ಸುತ್ತ ಆರು ಜನ ಕೂತು “ಬಂತಾ? ಬಂತಾ?” ಅಂತ ಕೇಳುತ್ತಿದ್ದರೆ ಯಾರಿಗೆ ತಾನೇ ಬರುತ್ತದೆ ಹೇಳಿ.

ಈ ಒರತೆಯ ಲೆಕ್ಕ ಗೊತ್ತಾದರೆ, ಮೇಲಿನ ಹಾಲು ಕೊಟ್ಟು ಕೊಟ್ಟು ಎದೆಹಾಲು ಬತ್ತುವುದು ಹೇಗೆ ಅನ್ನೋದೂ ಅರ್ಥ ಆಗುತ್ತದೆ. ಮೊದಲ ಸಲ ನನಗೆ ಆಗಿದ್ದು ಅದೇ. ಪಾಪ, ನಾನು ಸ್ವಲ್ಪ ಮಲಗಲಿ ಅಂತ ಅಮ್ಮ ರಾತ್ರಿ ಒಂದು ಬಾಟಲಿ ಡಬ್ಬಿ ಹಾಲು ಕೊಡಲು ಶುರು ಮಾಡಿದರು. ಮಗು ನಾಲ್ಕು ತಾಸು ಕದಲದೆ ಮಲಗಿತು, ಎಲ್ಲರೂ “ನೋಡು, ಹೊಟ್ಟೆ ತುಂಬಿರಲಿಲ್ಲ” ಅಂದರು. ಅಷ್ಟು ಹೊತ್ತು ಎದೆ ಚೀಪುವವರಿಲ್ಲ. ಪ್ರೊಲ್ಯಾಕ್ಟಿನ್ ಜಾಸ್ತಿ ಇರುವುದೇ ರಾತ್ರಿ ಹೊತ್ತು, ಆ ಹೊತ್ತೇ ತಪ್ಪಿಹೋಯಿತು. ಒಂದು ವಾರದಲ್ಲಿ ಒಂದು ಬಾಟಲಿ ಮೂರಾಯಿತು, ಎದೆಹಾಲು ನಿಜವಾಗಿಯೂ ಕಮ್ಮಿಯಾಯಿತು. ಸುಳ್ಳು ಹೆದರಿಕೆ ತಾನೇ ಮುಂದೆ ನಿಂತು ನಿಜವಾಯಿತು ಅನ್ನಬಹುದು. ಹೊಸ ಮಗು ಇಪ್ಪತ್ನಾಲ್ಕು ತಾಸಿನಲ್ಲಿ 8ರಿಂದ 12 ಸಲ ಕುಡಿಯಬೇಕು. ರಾತ್ರಿಯೂ ಸೇರಿ. ಅದು ಹಾಲು ಸಾಲದ ಗುರುತಲ್ಲ, ಅದರ ಹೊಟ್ಟೆಯ ಗಾತ್ರವೇ ಅಷ್ಟು.

ಎಷ್ಟು ಸಲ ಅನ್ನೋದರ ಜೊತೆಗೆ ಬಾಯಿ ಹೇಗೆ ಹಾಕಿದೆ ಅನ್ನೋದೂ ಮುಖ್ಯ. ಬರೀ ತೊಟ್ಟನ್ನು ಕಚ್ಚಿಕೊಂಡರೆ ತಾಯಿಗೆ ಪ್ರಾಣ ಹೋಗುವಷ್ಟು ನೋವು, ಮಗುವಿಗೆ ಹಾಲೂ ಇಲ್ಲ. ಬಾಯಿ ದೊಡ್ಡದಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹಳಷ್ಟು ಒಳಗೆ ಹೋಗಿ, ಕೆಳತುಟಿ ಹೊರಕ್ಕೆ ಮಡಚಿ, ಗಲ್ಲ ಎದೆಗೆ ತಾಗಿರಬೇಕು. ಚೀಪುವ ಮಧ್ಯೆ ನುಂಗುವ ಸದ್ದು ಕೇಳಬೇಕು. ತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ಮಗು ಬಾಯಿ ಹಾಕಿದ್ದು ಸರಿ ಇಲ್ಲ ಅಂತ ಅರ್ಥ. ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಾಕಿಸಿ.

ಇನ್ನು ಬಟ್ಟೆ ಎಣಿಸುವ ಲೆಕ್ಕ. ಮೊದಲ ದಿನ ಒಂದು ಸಲ ಉಚ್ಚೆ ಮಾಡಿದರೂ ಸಾಕು. ಎರಡನೇ ದಿನ ಎರಡು, ಮೂರನೇ ದಿನ ಮೂರು, ಹೀಗೆ ಸುಮಾರಾಗಿ ದಿನಕ್ಕೊಂದು ಏರಬೇಕು. ಐದಾರನೇ ದಿನದಿಂದ ಆರು ಅಥವಾ ಅದಕ್ಕಿಂತ ಜಾಸ್ತಿ ಒದ್ದೆ ಬಟ್ಟೆ ಬಂದರೆ, ಉಚ್ಚೆ ತಿಳಿಯಾಗಿದ್ದರೆ, ಹಾಲು ಹೋಗುತ್ತಿದೆ. ಮಗು ಎಷ್ಟೇ ಅತ್ತರೂ, ದೊಡ್ಡಮ್ಮ ಏನೇ ಅಂದರೂ! ಹಳೇ ಸೀರೆಯ ಬಟ್ಟೆ, ಲಂಗೋಟಿ ಕಟ್ಟುವವರಿಗೆ ಎಣಿಸುವುದು ಸುಲಭ. ಡೈಪರ್ ಹಾಕುವವರಿಗೆ ಒದ್ದೆಯಾಗಿದೆಯಾ ಇಲ್ಲವಾ ಅನ್ನೋದೇ ಗೊತ್ತಾಗುವುದಿಲ್ಲ. ಒಂದು ಒಣ ಡೈಪರ್‌ಗೆ ಮೂರು ದೊಡ್ಡ ಚಮಚ ನೀರು ಹಾಕಿ ಕೈಯಲ್ಲಿ ಹಿಡಿದು ನೋಡಿ, ಒದ್ದೆಯ ಭಾರ ಎಷ್ಟಿರಬೇಕು ಅಂತ ಕೈಗೇ ಗೊತ್ತಾಗುತ್ತದೆ. ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಇಟ್ಟಿಗೆ ಪುಡಿ ಬಣ್ಣದ ಕಲೆ ಕಾಣಬಹುದು, ರಕ್ತ ಅಂದುಕೊಂಡು ಹೆದರುತ್ತಾರೆ, ಅದು ಗಟ್ಟಿ ಉಚ್ಚೆಯಲ್ಲಿರುವ ಹರಳು. ಐದನೇ ದಿನ ದಾಟಿದ ಮೇಲೂ ಅದು ಕಾಣುತ್ತಿದ್ದರೆ ಮಾತ್ರ ಹಾಲು ಕಮ್ಮಿ ಹೋಗುತ್ತಿದೆ, ತೋರಿಸಬೇಕು. (ಹೆಣ್ಣು ಮಗುವಿಗೆ ಮೊದಲ ವಾರ ಒಂದೆರಡು ಹನಿ ನಿಜವಾದ ರಕ್ತವೇ ಹೋಗಬಹುದು, ಗಂಡಾಗಲಿ ಹೆಣ್ಣಾಗಲಿ ಎದೆ ಸ್ವಲ್ಪ ಊದಬಹುದು. ಎರಡಕ್ಕೂ ಕಾರಣ ತಾಯಿಯ ಹಾರ್ಮೋನು, ತಾನಾಗಿಯೇ ಹೋಗುತ್ತದೆ. ಮಗುವಿನ ಎದೆ ಹಿಂಡಿ ‘ಹಾಲು ತೆಗೆಯುವ’ ಕೆಲಸ ಮಾತ್ರ ಯಾರಿಗೂ ಮಾಡಲು ಬಿಡಬೇಡಿ, ಕೀವಾಗುತ್ತದೆ.)

ಕಕ್ಕದ ಬಣ್ಣವೂ ಕಥೆ ಹೇಳುತ್ತದೆ. ಮೊದಲು ಟಾರಿನ ಹಾಗೆ ಕಪ್ಪು, ಅಂಟು. ಆಮೇಲೆ ಹಸಿರು ಮಿಶ್ರ. ನಾಲ್ಕೈದನೇ ದಿನಕ್ಕೆ ಸಾಸಿವೆ ಕಾಳು ಬೆರೆತ ಹಾಗೆ ಹಳದಿ, ನೀರು ನೀರು. ಇದನ್ನು ನೋಡಿ ಭೇದಿ ಅಂತ ಔಷಧಿ ಹಾಕಿಸಿದವರೂ ಇದ್ದಾರೆ. ಭೇದಿಯಲ್ಲ, ಎದೆಹಾಲು ಕುಡಿಯುವ ಮಗುವಿನ ಕಕ್ಕ ಇರುವುದೇ ಹಾಗೆ. ಐದನೇ ದಿನವೂ ಕಪ್ಪೇ ಇದೆ ಅಂದರೆ ಒಳಗೆ ಸಾಕಷ್ಟು ಹಾಲು ಹೋಗಿಲ್ಲ.

ತೂಕದ ವಿಷಯದಲ್ಲಿ ಒಂದು ಗೊತ್ತಿರಬೇಕು, ಹುಟ್ಟಿದ ಮಗು ಮೊದಲು ಇಳಿಯುತ್ತದೆ. 3 ಕೆ.ಜಿ. ಮಗು ನಾಲ್ಕನೇ ದಿನ 2.8ಕ್ಕೆ ಬಂದರೆ ಏನೂ ಆಗಿಲ್ಲ. ನೂರಕ್ಕೆ ಹತ್ತು ಭಾಗಕ್ಕಿಂತ ಜಾಸ್ತಿ ಇಳಿದರೆ, ಅಂದರೆ ಈ ಮಗು 2.7ಕ್ಕಿಂತ ಕೆಳಗೆ ಹೋದರೆ, ಡಾಕ್ಟರು ನೋಡಬೇಕು. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಾ ಹೋಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಮಗುವನ್ನು ನೋಡಬೇಕು ಅನ್ನೋದು ಸರ್ಕಾರದ ಕ್ರಮ, ತೂಕವನ್ನೂ ಅವರೇ ನೋಡುತ್ತಾರೆ. ಬಾಣಂತನಕ್ಕೆ ತವರಿಗೆ ಹೋದವರು ಅಲ್ಲಿನ ಆಶಾಗೆ ಹೇಳಿಡಬೇಕು, ಇಲ್ಲದಿದ್ದರೆ ಗಂಡನ ಊರಿನವರು ತವರಲ್ಲಿದ್ದಾಳೆ ಅಂತ, ತವರೂರಿನವರು ನಮ್ಮ ಪಟ್ಟಿಯಲ್ಲಿಲ್ಲ ಅಂತ ಬಿಟ್ಟುಬಿಡುವ ಸಾಧ್ಯತೆ ಇದೆ. ತಾಯಿ ಕಾರ್ಡನ್ನು ಜೊತೆಗೆ ಒಯ್ಯಲು ಮರೆಯಬೇಡಿ.

ಮೂರನೇ ದಿನ ಇನ್ನೊಂದು ಗಾಬರಿ ಬರುತ್ತದೆ: ಮಗು ಹಳದಿ. ತಿಂಗಳು ತುಂಬಿ ಹುಟ್ಟಿದ ಹತ್ತು ಮಕ್ಕಳಲ್ಲಿ ಸುಮಾರು ಆರಕ್ಕೆ ಇದು ಬರುತ್ತದೆ. ಇದಕ್ಕೂ ಹಾಲಿಗೂ ನಂಟಿದೆ, ಕೇಳಿ. ಹೊಟ್ಟೆಯೊಳಗಿದ್ದಾಗ ಮಗುವಿಗೆ ಕೆಂಪು ರಕ್ತಕಣ ಜಾಸ್ತಿ ಬೇಕಿತ್ತು, ಹೊರಗೆ ಬಂದ ಮೇಲೆ ಅಷ್ಟು ಬೇಡ, ಹಾಗಾಗಿ ಒಡೆಯುತ್ತವೆ. ಒಡೆದಾಗ ಬಿಲಿರುಬಿನ್ ಅನ್ನುವ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಲಿವರ್ ಸೋಸಿ ಕರುಳಿಗೆ ಕಳಿಸಬೇಕು, ಕಕ್ಕದಲ್ಲಿ ಹೊರಗೆ ಹೋಗಬೇಕು. ಲಿವರ್ ಇನ್ನೂ ಕೆಲಸ ಕಲಿಯುತ್ತಿದೆ. ಅದರ ಮೇಲೆ ಹಾಲು ಕಮ್ಮಿ ಹೋದರೆ ಕಕ್ಕವೂ ಕಮ್ಮಿ, ಕರುಳಿನಲ್ಲಿ ನಿಂತ ಹಳದಿ ಮತ್ತೆ ರಕ್ತಕ್ಕೇ ವಾಪಸ್. ಅದಕ್ಕೇ ಡಾಕ್ಟರು ಮೊದಲು ಹೇಳುವುದು “ಚೆನ್ನಾಗಿ ಕುಡಿಸಿ” ಅಂತ. ತಾಯಿ ಎಣ್ಣೆ ತಿನ್ನಬಾರದು, ಅರಿಶಿನ ಮುಟ್ಟಬಾರದು ಅನ್ನೋ ಪಥ್ಯದಿಂದ ಮಗುವಿನ ಬಿಲಿರುಬಿನ್ ಒಂದು ಚೂರೂ ಇಳಿಯುವುದಿಲ್ಲ.

ಬೆಳಗಿನ ಬಿಸಿಲಿಗೆ ಹಿಡಿಯೋದು? ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ವಾರ್ಡ್ ಅನ್ನುವ ಸಿಸ್ಟರ್ ಇದ್ದರು. ಮಕ್ಕಳನ್ನು ಅಂಗಳಕ್ಕೆ ಒಯ್ದು ಬಿಸಿಲು ಕಾಯಿಸುವುದು ಅವರ ರೂಢಿ. ಒಂದು ದಿನ ಅವರು ತೋರಿಸಿದ ಮಗುವಿನ ಮೈ ಬಿಳಿಚಿಕೊಂಡಿತ್ತು, ಒಂದು ತ್ರಿಕೋನದಷ್ಟು ಜಾಗ ಮಾತ್ರ ಕಡು ಹಳದಿ. ಅಷ್ಟು ಜಾಗವನ್ನು ಹೊದಿಕೆಯ ಮೂಲೆ ಮುಚ್ಚಿತ್ತು! ಬೆಳಕು ಬಿಲಿರುಬಿನ್ನನ್ನು ಒಡೆಯುತ್ತದೆ ಅನ್ನೋದು ಹೊಳೆದಿದ್ದು ಹೀಗೆ, ಅಲ್ಲಿನ ಡಾಕ್ಟರು ಕ್ರೀಮರ್ ಮತ್ತು ಜೊತೆಯವರು ನೀಲಿ ದೀಪದ ತೊಟ್ಟಿಲು ಮಾಡಿ 1958ರಲ್ಲಿ ಬರೆದು ಪ್ರಕಟಿಸಿದರು. ಇವತ್ತು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಮಗುವಿಗೆ ಕಣ್ಣು ಕಟ್ಟಿ ಮಲಗಿಸುವ ನೀಲಿ ಲೈಟು ಅದರ ಮರಿ. ಅಂದರೆ ಬಿಸಿಲಿನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಯಂತ್ರ ಬೇಕಾದ ಬೆಳಕನ್ನಷ್ಟೇ, ಬೇಕಾದಷ್ಟು ಜೋರಾಗಿ, ತಾಸುಗಟ್ಟಲೆ ಕೊಡುತ್ತದೆ. ಕಿಟಕಿ ಬಿಸಿಲು ಹತ್ತು ನಿಮಿಷದಲ್ಲಿ ಅದನ್ನು ಮಾಡಲಾರದು, ಜಾಸ್ತಿ ಹೊತ್ತು ಬರೀ ಮೈಯಲ್ಲಿ ಇಟ್ಟರೆ ಚರ್ಮ ಸುಡುತ್ತದೆ ಅಥವಾ ಮಗು ತಣ್ಣಗಾಗುತ್ತದೆ. ನಿಜವಾದ ತೊಂದರೆ ಬಿಸಿಲಲ್ಲ. ಬಿಸಿಲಿಗೆ ಹಿಡೀತಿದ್ದೀವಲ್ಲ ಅಂತ ಆಸ್ಪತ್ರೆಗೆ ಹೋಗೋದನ್ನು ಮುಂದೂಡುವುದು. ಬಿಲಿರುಬಿನ್ ತುಂಬ ಏರಿದರೆ ಮಿದುಳಿಗೆ ಶಾಶ್ವತ ಹಾನಿ, ಕಿವಿ ಕೇಳದೆ ಹೋಗಬಹುದು. ಹುಟ್ಟಿದ 24 ತಾಸಿನೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೂ ಹಳದಿ ಬಂದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಆ ದಿನವೇ ಹೋಗಿ. ಕೆಲವು ಕಡೆ ಕಾಮಾಲೆಗೆ ಇವತ್ತಿಗೂ ಹಸುಗೂಸಿನ ಹೊಟ್ಟೆಗೆ ಬರೆ ಹಾಕಿಸುತ್ತಾರೆ. ಇದರ ಬಗ್ಗೆ ಮೆತ್ತಗೆ ಮಾತಾಡಲು ನನಗೆ ಬರುವುದಿಲ್ಲ, ಅದು ಹಿಂಸೆ.

ಎರಡು ವಾರ ಕಳೆದರೂ ಹಳದಿ ಹೋಗಿಲ್ಲ, ಜೊತೆಗೆ ಕಕ್ಕ ಸುಣ್ಣದ ಹಾಗೆ ಬಿಳಿಚಿಕೊಂಡಿದೆ ಅಂದರೆ ಅದು ಬೇರೆಯೇ ವಿಷಯ. ಪಿತ್ತ ಹರಿಯುವ ನಾಳ ಕಟ್ಟಿಕೊಂಡಿರಬಹುದು. ಅಪರೂಪ, ಆದರೆ ಆಪರೇಷನ್ ಎರಡು ತಿಂಗಳೊಳಗೆ ಆದರೆ ಫಲ ಜಾಸ್ತಿ. ಕಕ್ಕದ ಬಣ್ಣ ನೋಡೋದನ್ನು ಬಿಡಬೇಡಿ ಅಂದಿದ್ದು ಇದಕ್ಕೂ ಸೇರಿಸಿ.

ಇನ್ನು ಅಳು. ಎರಡನೇ ವಾರದಿಂದ ಮಕ್ಕಳ ಅಳು ಏರುತ್ತಾ ಹೋಗುತ್ತದೆ, ಆರನೇ ವಾರದ ಹೊತ್ತಿಗೆ ತಾರಕಕ್ಕೆ ಹೋಗಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅದರಲ್ಲೂ ಸಂಜೆ. ದೀಪ ಹಚ್ಚುವ ಹೊತ್ತಿಗೆ ಶುರುವಾಗುವ ಈ ಅಳುವಿಗೆ ದೃಷ್ಟಿ ತೆಗೆಯುವುದು ನಮ್ಮ ಮನೆಗಳ ರೂಢಿ. ತೆಗೆಯಲಿ ಬಿಡಿ, ಉಪ್ಪು ಮೆಣಸಿನಕಾಯಿ ಇಳಿಸಿದರೆ ನಷ್ಟವೇನಿಲ್ಲ, ಮಗುವಿನ ಮೂಗಿನ ಹತ್ತಿರ ಹೊಗೆ ಹಾಕದಿದ್ದರೆ ಆಯಿತು. ಸಂಜೆ ಹೊತ್ತು ಎಷ್ಟೋ ಮಕ್ಕಳು ಅರ್ಧ ಗಂಟೆಗೊಮ್ಮೆ ಎದೆ ಕೇಳುತ್ತವೆ, ಸೇದಿ ಸೇದಿ ಒರತೆ ಹೆಚ್ಚಿಸಿಕೊಳ್ಳುತ್ತವೆ. ಆ ಹೊತ್ತಿಗೇ “ಹಾಲು ಬತ್ತಿದೆ” ಅಂತ ಬಾಟಲಿ ಬರುವುದು. ಬಟ್ಟೆ ಆರು ಒದ್ದೆಯಾಗಿದ್ದರೆ ಬಾಟಲಿ ಬೇಡ, ಎದೆಗೇ ಹಾಕಿ. ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗಿಸಿ, ಮೈಗೆ ಮೈ ತಾಗಿಸಿ ಎತ್ತಿಕೊಂಡು ಓಡಾಡಿ, ಸರದಿ ಮೇಲೆ. ಈ ಸರದಿಯಲ್ಲಿ ಅಪ್ಪನೂ ಬರಬೇಕು. ಅಳು ಕೇಳಿ ತಲೆ ಕೆಟ್ಟು ಯಾರಾದರೂ ಮಗುವನ್ನು ಜೋರಾಗಿ ಅಲ್ಲಾಡಿಸಿದರೆ ಮಿದುಳಿನಲ್ಲಿ ರಕ್ತ ಬರಬಹುದು. ಅಷ್ಟು ಸಿಟ್ಟು ಬಂದಾಗ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ಬರುವುದೇ ವಾಸಿ.

ಹೊಟ್ಟೆನೋವಿಗೆ ಅಂತ ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದು, ಹರಳೆಣ್ಣೆ ಹನಿ, ಗ್ರೈಪ್ ವಾಟರ್, ಜೇನು, ಬೇಸಿಗೆಯಲ್ಲಿ ಎರಡು ಚಮಚ ನೀರು. ಒಂದೊಂದಕ್ಕೂ ಒಂದು ಪುರಾಣ ಇದೆ, ಉತ್ತರ ಒಂದೇ: ಆರು ತಿಂಗಳು ಬೇಡ. ಎದೆಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಇದೆ, ರಾಯಚೂರಿನ ಮೇ ತಿಂಗಳಿಗೂ ಅದು ಸಾಕು. ಜೇನಿನಲ್ಲಿ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ತರುವ ಬೀಜಾಣು ಇರಬಹುದು, ಒಂದು ವರ್ಷದವರೆಗೆ ಮುಟ್ಟಿಸಬಾರದು. ಡಾಕ್ಟರು ಬರೆದುಕೊಡುವ ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್, ಅದೊಂದು ಬೇಕು. ಹೊಕ್ಕಳಿಗೆ ಅರಿಶಿನ, ಬೂದಿ ಏನೂ ಬೇಡ, ಒಣಗಿ ತಾನೇ ಬೀಳುತ್ತದೆ. ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು ಇರಲಿ, ಕಿವಿ ಮೂಗಿಗೆ ಎಣ್ಣೆ ಬಿಡೋದು ಬೇಡ.

ಹಳೆಯ ಬಾಣಂತನದಲ್ಲಿ ನನಗೆ ಸಿಟ್ಟು ಬರುವುದು ತಾಯಿಗೆ ನೀರು ಕೊಡದಿರುವುದಕ್ಕೆ. “ನೀರು ಕುಡಿದರೆ ಹೊಟ್ಟೆ ಬರುತ್ತೆ” ಅಂತ. ಹಾಲು ಕುಡಿಸಲು ಕೂತ ತಕ್ಷಣ ಗಂಟಲು ಒಣಗುತ್ತದೆ, ಬಾಯಾರಿದಷ್ಟೂ ಕುಡಿಯಬೇಕು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಅಂಟಿನುಂಡೆ ಎಲ್ಲ ತಿನ್ನಿ, ರುಚಿಯಾಗಿರುತ್ತದೆ, ಶಕ್ತಿಯೂ ಬರುತ್ತದೆ. ಆದರೆ ಯಾವ ಸೊಪ್ಪೂ ಮಗುವಿನ ಬಾಯಿಯ ಕೆಲಸ ಮಾಡಲಾರದು. ಹಳ್ಳಿಯಲ್ಲಿರುವವರಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ, 2017ರ ಅಕ್ಟೋಬರ್‌ನಿಂದ. ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಸಿಗುತ್ತದೆ.

ಹಾಗಂತ ಹಾಲು ನಿಜವಾಗಿ ಸಾಲದೇ ಇರುವುದೇ ಇಲ್ಲವಾ? ಇರುತ್ತದೆ. ಹೆರಿಗೆಯಲ್ಲಿ ತುಂಬ ರಕ್ತ ಹೋದವರಿಗೆ, ಥೈರಾಯ್ಡ್ ಸರಿ ಇಲ್ಲದವರಿಗೆ, ಎದೆಯ ಆಪರೇಷನ್ ಆದವರಿಗೆ ಕಮ್ಮಿ ಬರಬಹುದು. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಚೀಪುವ ಶಕ್ತಿಯೇ ಇರುವುದಿಲ್ಲ. ಅಂಥ ಮಗುವಿಗೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಲು ಆಸ್ಪತ್ರೆಯಲ್ಲೇ ಹೇಳಿಕೊಡುತ್ತಾರೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ಒಳಲೆಯದೇ ಆಕಾರ, ಬಾಟಲಿಗಿಂತ ತೊಳೆಯಲು ಕುದಿಸಲು ಎಷ್ಟೋ ಸುಲಭ. ಬಟ್ಟೆ, ತೂಕ ಎರಡೂ ಕಮ್ಮಿ ಅಂತ ತೋರಿಸಿ, ಡಾಕ್ಟರು ನೋಡಿ ಡಬ್ಬಿ ಹಾಲು ಬೇಕು ಅಂದರೆ ಕೊಡಿ, ಅದರಲ್ಲಿ ಅವಮಾನ ಏನಿದೆ? ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ, ಉಳಿಸಲು ಹೋಗಿ ನೀರು ಜಾಸ್ತಿ ಮಾಡಬೇಡಿ. ಇದರ ಜಾಹೀರಾತನ್ನು 1992ರ ಕಾನೂನು ನಮ್ಮ ದೇಶದಲ್ಲಿ ನಿಷೇಧಿಸಿದೆ. ಟಿ.ವಿ.ಯಲ್ಲಿ ಯಾಕೆ ಕಾಣುವುದಿಲ್ಲ ಅಂತ ಯೋಚಿಸಿದ್ದರೆ, ಕಾರಣ ಅದು.

ಎಣಿಸುತ್ತಾ ಕೂರದೆ ಎದ್ದು ಓಡಬೇಕಾದ ಸಂದರ್ಭಗಳೂ ಇವೆ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಯಲ್ಲಿ ಸಿರಪ್ ಹಾಕಿ ಕಾಯಬಾರದು. ಹೊಟ್ಟೆ ಮುಟ್ಟಿದರೂ ತಣ್ಣಗಿದ್ದರೆ, ಹಾಲು ಪೂರ್ತಿ ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಪಕ್ಕೆ ಒಳಕ್ಕೆ ಎಳೆದು ಉಸಿರಾಡುತ್ತಿದ್ದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರು ಇದ್ದರೆ 108ಕ್ಕೆ ಫೋನ್ ಮಾಡಿ. ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು, ಹಸುಗೂಸಿನ ಉಸಿರು ನಿಂತು ನಿಂತು ಬರುವುದು ಮಾಮೂಲಿ.

ಆರು ವಾರ ಆದ ಮೇಲೆ ಒಂದು ದಿನ ಎದೆ ಮೆತ್ತಗಾಗಿರುತ್ತದೆ. ಮೊದಲಿನ ಬಿಗಿತ ಇಲ್ಲ, ಸೋರುವುದಿಲ್ಲ, ಮಗು ಐದೇ ನಿಮಿಷದಲ್ಲಿ ಕುಡಿದು ಬಿಟ್ಟುಬಿಡುತ್ತದೆ, ನಾಲ್ಕು ದಿನ ಕಕ್ಕ ಮಾಡುವುದಿಲ್ಲ. ಮತ್ತೆ ಅದೇ ಮಾತು ಬರುತ್ತದೆ, ಹಾಲು ಹೋಯ್ತು ಅಂತ. ಎರಡನೇ ಮಗುವಿನ ಹೊತ್ತಿಗೆ ಇದು ನಡೆದಾಗ ಅಮ್ಮ ಡಬ್ಬಿ ತರಿಸುವ ಮಾತು ಎತ್ತಿ, ಅರ್ಧಕ್ಕೇ ನಿಲ್ಲಿಸಿ, ಹಿತ್ತಲಿಗೆ ಹೋಗಿ ತಂತಿ ಮೇಲೆ ಹರವಿದ್ದ ಲಂಗೋಟಿ ಎಣಿಸಿಕೊಂಡು ಬಂದರು. ಒಂಬತ್ತಿದ್ದವು.